ಹಳೆಯ ಈಸ್ಟರ್ ಗೀತೆಗೆ ಹೊಸ ಅರೇಂಜ್‌ಮೆಂಟ್: ಸಭೆ ಹಾಡುವುದನ್ನು ನಿಲ್ಲಿಸಿದ್ದೇಕೆ?

ಪ್ರಶ್ನೆ: ಧಾರವಾಡ ಜಿಲ್ಲೆಯ ಒಂದು ಕನ್ನಡ ಸಭೆಯಲ್ಲಿ ಹನ್ನೊಂದು ವರ್ಷಗಳಿಂದ ಕ್ವೈರ್ ನಡೆಸುತ್ತಿದ್ದೇನೆ. ನಾವು 18 ಮಂದಿ ಇದ್ದೇವೆ. ಎತ್ತರದ ಹೆಣ್ಣುದನಿಯ ಸೊಪ್ರಾನೊ 8, ತಗ್ಗಿನ ಹೆಣ್ಣುದನಿಯ ಆಲ್ಟೊ 5, ಗಂಡಸರು 5. ಗಂಡಸರಲ್ಲಿ ಎತ್ತರದ ದನಿಯ ಟೆನರ್ ಎನ್ನಬಹುದಾದವರು ಒಬ್ಬರೇ. ಕಳೆದ ಈಸ್ಟರ್‌ಗೆ ‘ಜೀಸಸ್ ಕ್ರೈಸ್ಟ್ ಈಸ್ ರಿಸನ್ ಟುಡೇ’ ಗೀತೆಯ ಹೊಸ ಅರೇಂಜ್‌ಮೆಂಟ್ (ಅದೇ ಧಾಟಿಗೆ ಹೊಸ ಸ್ವರಮೇಳ, ವಾದ್ಯ ಕೂಡಿಸಿದ ರೂಪ) ಒಂದನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು, ಅದಕ್ಕೆ ನಮ್ಮ ಕನ್ನಡ ಪದಗಳನ್ನು ಕೂಡಿಸಿ, ಮುಂಜಾನೆ 5 ಗಂಟೆಯ ಆರಾಧನೆಯಲ್ಲಿ ಹಾಡಿದೆವು. ಎರಡನೆಯ ಚರಣ ಮುಗಿಯುವಷ್ಟರಲ್ಲಿ ಸಭೆ ಹಾಡುವುದನ್ನೇ ನಿಲ್ಲಿಸಿತು. ಕೊನೆಯ ಚರಣದ ಡೆಸ್ಕಂಟ್, ಅಂದರೆ ರಾಗದ ಮೇಲೆ ಸೊಪ್ರಾನೊಗಳು ಹಾಡುವ ಎತ್ತರದ ಸಾಲು, ಕಿರುಚಿದ ಹಾಗೆ ಕೇಳಿಸಿತು. ‘ನಮ್ಮ ಹಾಡನ್ನು ಕೆಡಿಸಿದಿರಿ, ಈ ಆಧುನಿಕ ಸ್ವರಗಳು ನಮಗೆ ಬೇಡ’ ಎಂದು ಹಿರಿಯರು ಹೇಳಿದರು. ಮತ್ತೆ ಹಳೆಯ ರೀತಿಗೇ ಹೋಗುವುದಾದರೆ ತಾವು ಬರುವುದಿಲ್ಲ ಎನ್ನುವುದು ಕ್ವೈರಿನ ಯುವಕರ ಮಾತು. ಇದರ ನಡುವೆ, ಝೆರಾಕ್ಸ್ ಪ್ರತಿ ಮಾಡಿದ್ದು ಸರಿಯೇ ಎಂದು ಸಭಾಪಾಲಕರು ಕೇಳಿದ್ದಾರೆ. ಗೀತೆ ಮುನ್ನೂರು ವರ್ಷ ಹಳೆಯದಲ್ಲವೇ, ಅದಕ್ಕೆಂಥ ಹಕ್ಕು ಎಂದು ನಾನು ಉತ್ತರಿಸಿದೆ. ಮುಂದಿನ ಈಸ್ಟರ್‌ಗೆ ಏನು ಮಾಡಲಿ?

ಉತ್ತರ: ಸಹೋದರಿಯವರೇ, ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಸಭೆ ಮೌನವಾದದ್ದು, ಡೆಸ್ಕಂಟ್ ಕೆಟ್ಟದ್ದು ಮತ್ತು ಪ್ರತಿಗಳ ಹಕ್ಕಿನ ಪ್ರಶ್ನೆ. ಮೊದಲೆರಡಕ್ಕೂ ‘ಆಧುನಿಕ’ ಎಂಬ ಒಂದೇ ಚೀಟಿ ಅಂಟಿಸಿ, ಹಿರಿಯರು ಒಂದು ಕಡೆಗೂ ಯುವಕರು ಇನ್ನೊಂದು ಕಡೆಗೂ ಜಗ್ಗುತ್ತಿದ್ದಾರೆ. ನೀವು ಪತ್ರದೊಂದಿಗೆ ಕಳುಹಿಸಿದ ಸ್ವರಲಿಪಿಯ ಪುಟಗಳನ್ನು ಕೀಬೋರ್ಡಿನಲ್ಲಿ ಎರಡು ಸಲ ನುಡಿಸಿ, ಕನ್ನಡ ಪದಗಳೊಂದಿಗೆ ಒಂದು ಸಲ ಹಾಡಿಯೂ ನೋಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಭೆಯನ್ನು ಮೌನಗೊಳಿಸಿದ್ದು ಹೊಸ ಸ್ವರಮೇಳವಲ್ಲ. ಶ್ರುತಿಯ ಎತ್ತರ, ಉಸಿರಿಗೆ ಸಿಕ್ಕದ ಜಾಗ ಮತ್ತು ಕನ್ನಡದ ಮಾತಿಗೆ ಹೊಂದದ ಸ್ವರವಿನ್ಯಾಸ, ಈ ಮೂರು ಸೇರಿ ಆ ಕೆಲಸ ಮಾಡಿವೆ.

ಮೊದಲು ‘ನಮ್ಮ ಹಾಡು’ ಎಂಬ ಮಾತನ್ನು ನೋಡೋಣ. ಹಿರಿಯರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐವತ್ತು ವರ್ಷ ಒಂದು ಧಾಟಿಯಲ್ಲಿ ಹಲ್ಲೆಲೂಯ ಹಾಡಿದವರಿಗೆ ಅದರ ಮೇಲೆ ಅಧಿಕಾರವಿದೆ. ಆದರೆ ಅವರು ಮೂಲವೆಂದು ತಿಳಿದಿರುವುದು ಮೂಲವಲ್ಲ. ಈ ಧಾಟಿ ಮೊದಲು ಅಚ್ಚಾದದ್ದು 1708ರಲ್ಲಿ, ಲಂಡನ್ನಿನ ‘ಲೈರಾ ಡೇವಿಡಿಕಾ’ ಎಂಬ ಸಣ್ಣ ಸಂಗ್ರಹದಲ್ಲಿ. ಅಲ್ಲಿದ್ದದ್ದು ಒಂದು ರಾಗದ ಸಾಲು ಮತ್ತು ಅದರ ಕೆಳಗೆ ಒಂದು ಬಾಸ್ (ತಗ್ಗಿನ ಆಧಾರ ಸ್ವರಗಳ) ಸಾಲು, ಅಷ್ಟೇ. ಪದಗಳು 14ನೇ ಶತಮಾನದ ಲ್ಯಾಟಿನ್ ಗೀತೆಯೊಂದರಿಂದ ಬಂದವು. ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ, ಇಂದು ಇದೇ ಧಾಟಿಯಲ್ಲಿ ಹಾಡಲಾಗುವ ಈಸ್ಟರ್ ಗೀತೆಯಲ್ಲಿ ಹಲ್ಲೆಲೂಯಗಳೇ ಇರಲಿಲ್ಲ. ಅವನ್ನು ಅನಂತರದ ಸಂಪಾದಕರು ಸೇರಿಸಿದರು. ಹಿರಿಯರ ಕಿವಿಯಲ್ಲಿ ಕುಳಿತಿರುವ ನಾಲ್ಕು ಧ್ವನಿಗಳ ಗಂಭೀರ ಸ್ವರಮೇಳವಂತೂ 19ನೇ ಶತಮಾನದ ಇಂಗ್ಲಿಷ್ ಸಂಪಾದಕರ, ಮುಖ್ಯವಾಗಿ ವಿಲಿಯಂ ಹೆನ್ರಿ ಮಂಕ್ ಅವರ, ಕೈಕೆಲಸ. ಅದೇ ಮಂಕ್ 1861ರಲ್ಲಿ ಇಟಲಿಯ ಸಂಗೀತಕಾರ ಪ್ಯಾಲೆಸ್ಟ್ರೀನಾನ 1591ರ ಒಂದು ಮ್ಯಾಗ್ನಿಫಿಕಾಟ್‌ನಿಂದ (ಮರಿಯಳ ಸ್ತುತಿಗೀತೆಯಿಂದ) ಕೆಲವು ಸಾಲುಗಳನ್ನು ಎತ್ತಿಕೊಂಡು, ತಮ್ಮದೇ ಹಲ್ಲೆಲೂಯಗಳನ್ನು ಜೋಡಿಸಿ ‘ದ ಸ್ಟ್ರೈಫ್ ಈಸ್ ಓವರ್’ ಗೀತೆಯ ಧಾಟಿಯನ್ನು ಕಟ್ಟಿದರು. ‘ದೈನ್ ಬಿ ದ ಗ್ಲೋರಿ’ ಎಂಬ ಈಸ್ಟರ್ ಗೀತೆಯ ಕಥೆ ಇನ್ನೂ ಸುತ್ತುಬಳಸಿನದು. ಸಂಗೀತಕಾರ ಹ್ಯಾಂಡೆಲ್ ಅದರ ಧಾಟಿಯನ್ನು ರಚಿಸಿದ್ದು ಯುದ್ಧ ಗೆದ್ದು ಬಂದ ವೀರನನ್ನು ಸ್ವಾಗತಿಸುವ ಮೇಳಗೀತೆಯಾಗಿ. ಸ್ವಿಟ್ಜರ್ಲೆಂಡಿನ ಸಭಾಪಾಲಕ ಎಡ್ಮಂಡ್ ಬುದ್ರಿ 1884ರಲ್ಲಿ ಅದಕ್ಕೆ ಫ್ರೆಂಚ್ ಭಾಷೆಯಲ್ಲಿ ಪುನರುತ್ಥಾನದ ಪದಗಳನ್ನು ಬರೆದರು. 1923ರಲ್ಲಿ ರಿಚರ್ಡ್ ಹೋಯ್ಲ್ ಅದನ್ನು ಇಂಗ್ಲಿಷಿಗೆ ತಂದರು.

ಆದ್ದರಿಂದ ಹಳೆಯ ಗೀತೆಗೆ ಹೊಸ ಉಡುಗೆ ತೊಡಿಸುವುದು ಅಪಚಾರವೆನ್ನುವ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಹಾಗೆಂದು ಯಾವ ಉಡುಗೆಯಾದರೂ ಸರಿಯೆಂದು ಯುವಕರು ವಾದಿಸಿದರೆ ಅವರಿಗೆ ಜರ್ಮನ್ ಸಂಗೀತಕಾರ ಬಾಖ್‌ನ ಉದಾಹರಣೆಯನ್ನು ಕೊಡಿ. ಲೂಥರ್ 1524ರಲ್ಲಿ ಪ್ರಕಟಿಸಿದ ಈಸ್ಟರ್ ಗೀತೆಯನ್ನು ಬಾಖ್ ಸುಮಾರು 1707ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ಹುಡುಗನಾಗಿದ್ದಾಗ, ಒಂದು ಕ್ಯಾಂಟಾಟಾ (ಹಲವು ಭಾಗಗಳ ಹಾಡುಕೃತಿ) ಆಗಿ ಬೆಳೆಸಿದ. ಏಳು ಚರಣಗಳಿಗೆ ಏಳು ಬಗೆ: ಒಂದರಲ್ಲಿ ಸೊಪ್ರಾನೊ ಮತ್ತು ಆಲ್ಟೊ ಮಾತ್ರ, ಇನ್ನೊಂದರಲ್ಲಿ ಟೆನರ್ ಒಬ್ಬನೇ, ಮತ್ತೊಂದರಲ್ಲಿ ನಾಲ್ಕು ಧ್ವನಿಗಳ ಜಗಳದಂತಹ ಹೆಣಿಗೆ. ಆದರೆ ಹಳೆಯ ಧಾಟಿಯ ಎಳೆ ಎಲ್ಲಿಯೂ ಕಡಿಯುವುದಿಲ್ಲ, ಕೊನೆಯ ಚರಣ ಸರಳ ನಾಲ್ಕು ಧ್ವನಿಗಳಲ್ಲಿ ಎಲ್ಲರಿಗೂ ಗೊತ್ತಿರುವ ರೂಪಕ್ಕೆ ಮರಳುತ್ತದೆ. ಕ್ವೈರಿಗೆ ಯಾವ ಜಾಗ, ಸಭೆಗೆ ಯಾವ ಜಾಗ ಎಂಬ ಲೆಕ್ಕ ಅವನಿಗೆ ಸ್ಪಷ್ಟವಿತ್ತು. ನೀವು ಇಳಿಸಿಕೊಂಡ ಅರೇಂಜ್‌ಮೆಂಟಿನಲ್ಲಿ ಆ ಲೆಕ್ಕ ತಪ್ಪಿಲ್ಲ. ಅದು ಸಭೆಯೊಂದಿಗೆ ಹಾಡಲೆಂದು ಬರೆದದ್ದೇ ಅಲ್ಲ. ಅದು ಕ್ವೈರ್ ನಿಂತು ಹಾಡುವ, ಸಭೆ ಕುಳಿತು ಕೇಳುವ ‘ಆಂಥಮ್’. ಮೊದಲ ಪುಟದ ತಲೆಯಲ್ಲಿ ಹಾಗೆಂದೇ ಇದೆ. ಅದನ್ನು ಸಭೆಯ ಗೀತೆಯಾಗಿ ಬಳಸಿದ್ದು ನಮ್ಮ ಕಡೆಯ ತಪ್ಪು. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ, ಅದೂ ಟ್ರಂಪೆಟ್ ಬಾರಿಸುವವರನ್ನು ಬೇರೆ ಊರಿನಿಂದ ಕರೆಸಿ.

ಇನ್ನು ಸಭೆ ಎಲ್ಲೆಲ್ಲಿ ಕೈಬಿಟ್ಟಿತು ಎನ್ನುವುದನ್ನು ಪುಟದ ಮೇಲೆ ಬೆರಳಿಟ್ಟು ತೋರಿಸಬಹುದು. ಆರಂಭದ ಎಂಟು ಬಾರ್‌ಗಳ (ತಾಳದ ಆವರ್ತಗಳ) ವಾದ್ಯಪೀಠಿಕೆಯಲ್ಲಿ ಧಾಟಿಯ ಒಂದು ಸಾಲೂ ಕೇಳಿಸುವುದಿಲ್ಲ. ಸಭೆ ಹಾಡಿಗೆ ಸೇರುವುದು ಎಣಿಕೆಯಿಂದಲ್ಲ, ನೆನಪಿನಿಂದ. ಪೀಠಿಕೆಯಲ್ಲಿ ಮೊದಲ ಸಾಲೋ ಕೊನೆಯ ಸಾಲೋ ಕೇಳಿದರೆ ಮಾತ್ರ ಅವರ ಉಸಿರು ಸಿದ್ಧವಾಗುತ್ತದೆ. ಮುಂದೆ, ಪ್ರತಿ ಸಾಲಿಗೂ ಅದರ ಹಲ್ಲೆಲೂಯಕ್ಕೂ ನಡುವೆ ಅರೇಂಜರ್ ಒಂದೊಂದು ಬಾರ್ ವಾದ್ಯದ ತುಣುಕನ್ನು ತೂರಿಸಿದ್ದಾರೆ. ಕ್ವೈರಿಗೆ ಅದು ಸೊಗಸಾದ ವಿರಾಮ. ಸಭೆಗೆ ಅದು ಮೆಟ್ಟಿಲಿಲ್ಲದ ಕಡೆ ಇಟ್ಟ ಹೆಜ್ಜೆ: ಒಂದು ಸಲ ತಪ್ಪಾಗಿ ಮೊದಲೇ ಹಲ್ಲೆಲೂಯ ಎಂದವರು ಅಕ್ಕಪಕ್ಕ ನೋಡಿ ನಾಚಿಕೊಳ್ಳುತ್ತಾರೆ, ಎರಡನೆಯ ಸಲ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮ್ಮ ಸಭೆ ಎರಡನೆಯ ಚರಣದಲ್ಲಿ ಮೌನವಾದದ್ದು ಆಕಸ್ಮಿಕವಲ್ಲ.

ಶ್ರುತಿಯ ವಿಷಯ ಇದಕ್ಕಿಂತ ದೊಡ್ಡದು. ಈ ಧಾಟಿಯ ಹರವು ಒಂದು ಅಷ್ಟಕವನ್ನೂ (ಸ್ಥಾಯಿಯನ್ನೂ) ಮೀರುತ್ತದೆ: ಸಿ ಮೇಜರಿನಲ್ಲಿ (ಸಿ ಸ್ವರವನ್ನೇ ಷಡ್ಜವಾಗಿಟ್ಟು) ಹಾಡಿದರೆ ಕೆಳಗಿನ ಸ್ವರ ನಡುವಿನ ಸಿ, ಮೇಲಿನದು ಮುಂದಿನ ಅಷ್ಟಕದ ಇ. ನಿಮ್ಮ ಅರೇಂಜ್‌ಮೆಂಟ್ ಡಿ ಮೇಜರಿನಲ್ಲಿದೆ, ಅಂದರೆ ತುದಿ ಎಫ್ ಶಾರ್ಪ್. ಕೊನೆಯ ಚರಣಕ್ಕೆ ಮುನ್ನ ಅರ್ಧ ಸ್ವರ ಮೇಲೇರಿ ಇ ಫ್ಲಾಟ್ ಆಗುತ್ತದೆ, ಅಂದರೆ ರಾಗದ ಸಾಲೇ ಜಿ ಮುಟ್ಟುತ್ತದೆ. ಅರವತ್ತು ದಾಟಿದ ತಾಯಂದಿರಿಂದ, ಅದೂ ಬೆಳಗಿನ ಐದು ಗಂಟೆಗೆ, ಜಿ ಸ್ವರವನ್ನು ಬೇಡುವುದು ನ್ಯಾಯವಲ್ಲ. ರಾತ್ರಿ ಮಲಗಿದಾಗ ಧ್ವನಿತಂತುಗಳ ಅಂಗಾಂಶದಲ್ಲಿ ದ್ರವ ಸೇರಿಕೊಂಡು ಅವು ಸ್ವಲ್ಪ ದಪ್ಪವಾಗಿರುತ್ತವೆ. ಎದ್ದ ಮೇಲೆ ಗಂಟೆ ಎರಡು ಗಂಟೆ ಧ್ವನಿ ಭಾರವಾಗಿ, ತಗ್ಗಾಗಿ ಬರುವುದು ಇದರಿಂದಲೇ. ಅದರ ಮೇಲೆ ಶುಭ ಶುಕ್ರವಾರದ ಮೂರು ತಾಸಿನ ಆರಾಧನೆ, ಶನಿವಾರದ ಅಭ್ಯಾಸ. ಕ್ವೈರಿನವರ ಗಂಟಲೂ ದಣಿದಿರುತ್ತದೆ. ಜರ್ಮನಿಯ ಹರ್ನ್‌ಹುಟ್ ಊರಿನ ಮೊರೇವಿಯನ್ ಸಭೆಯವರು 1732ರಲ್ಲಿ ಈಸ್ಟರ್ ಮುಂಜಾನೆಯ ಆರಾಧನೆಯನ್ನು ಸ್ಮಶಾನದ ಗುಡ್ಡದ ಮೇಲೆ ಆರಂಭಿಸಿದರು. ಆ ಪದ್ಧತಿ ಬಹಳ ಚೆಲುವಾದದ್ದು, ಆದರೆ ಅದನ್ನು ಪಾಲಿಸುವ ಸಭೆಗಳು ಬೆಳಗಿನ ಗಂಟಲಿಗೆ ತಕ್ಕ ಶ್ರುತಿಯನ್ನೂ ಇಟ್ಟುಕೊಳ್ಳಬೇಕು. ಮುಂಜಾನೆಗೆ ಬಿ ಫ್ಲಾಟ್, ಒಂಬತ್ತು ಗಂಟೆಯ ಆರಾಧನೆಗೆ ಸಿ: ಇದು ನನ್ನ ಲೆಕ್ಕ. ಬಿ ಫ್ಲಾಟಿನಲ್ಲಿ ಆರಂಭದ ಸ್ವರ ಕೆಲವು ಸೊಪ್ರಾನೊಗಳಿಗೆ ತಗ್ಗಾಗುತ್ತದೆ. ಆಗಲಿ, ಆ ಒಂದು ಸ್ವರವನ್ನು ಗಂಡಸರು ಮತ್ತು ಆಲ್ಟೊಗಳು ಹೊತ್ತುಕೊಳ್ಳುತ್ತಾರೆ.

ಹಾಗಾದರೆ ಹಿರಿಯರು ದೂರಿದ ‘ಆಧುನಿಕ ಸ್ವರ’ಗಳು? ಅವೂ ಪುಟದಲ್ಲಿವೆ. ಮೂರನೆಯ ಚರಣದಲ್ಲಿ ಒಂಬತ್ತನೆಯ ಸ್ವರ ಕೂಡಿಸಿದ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು), ನಾಲ್ಕನೆಯದನ್ನು ತಡೆಹಿಡಿದು ಬಿಡಿಸುವ ‘ಸಸ್’ ಕಾರ್ಡ್‌ಗಳು ಇವೆ. ನನ್ನ ಅನುಭವದಲ್ಲಿ ಸಭೆ ರಾಗವನ್ನು ಹಿಡಿದುಕೊಳ್ಳುವುದು ಎರಡು ಆಸರೆಗಳಿಂದ, ಒಂದು ಪಕ್ಕದವರ ಧ್ವನಿ, ಇನ್ನೊಂದು ಬಾಸ್. ಈ ಎರಡು ಗಟ್ಟಿಯಾಗಿದ್ದರೆ ನಡುವಿನಲ್ಲಿ ಎಂಥ ಕಾರ್ಡ್ ಇಟ್ಟರೂ ಜನ ಹಾಡುತ್ತಾರೆ. ಬಾಸ್ ಸಾಲೇ ರಾಗದ ಕೆಳಗಿನಿಂದ ಜಾರಿಹೋದಾಗ ಮಾತ್ರ ಅವರ ಕಾಲಿನಡಿಯ ನೆಲ ಅಲುಗುತ್ತದೆ. ಕಟ್ಟಡದ ಪಾಲೂ ಇದರಲ್ಲಿದೆ. ಹಂಚಿನ ಮಾಡಿನ, ಮರದ ತೊಲೆಗಳ ಹಳೆಯ ದೇವಾಲಯದಲ್ಲಿ ದನಿ ಬೇಗ ಆರುತ್ತದೆ, ಆದ್ದರಿಂದ ಒತ್ತೊತ್ತಾದ ಕಾರ್ಡ್‌ಗಳೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಕಾಂಕ್ರೀಟ್ ಚಾವಣಿ ಮತ್ತು ನುಣುಪು ಟೈಲ್ಸ್ ನೆಲದ ಹೊಸ ಕಟ್ಟಡದಲ್ಲಿ ಅದೇ ಕಾರ್ಡ್‌ಗಳು ಒಂದರ ಮೇಲೊಂದು ಬಿದ್ದು ಕಲಸುತ್ತವೆ. ನಿಮ್ಮದು ಎರಡನೆಯ ಬಗೆಯದೆಂದು ಬರೆದಿದ್ದೀರಿ. ಹಾಗಿದ್ದರೆ ಹಿರಿಯರ ಕಿವಿ ಪೂರ್ತಿ ಸುಳ್ಳು ಹೇಳಿಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಇದರ ಬಗ್ಗೆ ನಮ್ಮ ಕ್ವೈರ್‌ಗಳಲ್ಲಿ ಚರ್ಚೆಯೇ ಆಗುವುದಿಲ್ಲ, ಆದರೆ ಹೊಸ ಅರೇಂಜ್‌ಮೆಂಟ್‌ಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. ಇಂಗ್ಲಿಷ್ ಪದಗಳಿಗೆಂದು ಬರೆದ ಡೆಸ್ಕಂಟ್‌ನಲ್ಲಿ ಅತಿ ಎತ್ತರದ, ಅತಿ ಉದ್ದದ ಸ್ವರವನ್ನು ಅರೇಂಜರ್ ‘ಆ’ ಎಂದು ಬಾಯಿ ಅಗಲಿಸುವ ಕಡೆ ಇಟ್ಟಿರುತ್ತಾರೆ. ಕನ್ನಡದಲ್ಲಿ ಕ್ರಿಯಾಪದಗಳು ಬಹುಪಾಲು ‘ಉ’ಕಾರದಲ್ಲಿ ಮುಗಿಯುತ್ತವೆ: ಎದ್ದನು, ಗೆದ್ದನು, ಜಯಿಸಿದನು. ನಿಮ್ಮ ಪ್ರತಿಯಲ್ಲಿ ಕೊನೆಯ ಚರಣದ ಮೂರನೆಯ ಸಾಲಿನ ತುದಿಗೆ ಸೊಪ್ರಾನೊಗಳು ‘ನು’ ಎಂಬ ಅಕ್ಷರವನ್ನು ಜಿ ಸ್ವರದ ಮೇಲೆ ಆರು ಮಾತ್ರೆ ಹಿಡಿಯಬೇಕಾಗಿದೆ. ಇದು ಅವರ ತರಬೇತಿಯ ಕೊರತೆಯಲ್ಲ, ಧ್ವನಿಶಾಸ್ತ್ರದ ಮಿತಿ. ‘ಉ’ ಎಂದು ಕೇಳಿಸಲು ಬಾಯಿಯ ಗುಹೆ ಮುಖ್ಯವಾಗಿ 300ರಿಂದ 400 ಹರ್ಟ್ಸ್ ಸುಮಾರಿನಲ್ಲಿ ಅನುರಣಿಸಬೇಕು. ಆ ಎತ್ತರದ ಜಿ ಸ್ವರದ ಕಂಪನವೇ ಸುಮಾರು 784 ಹರ್ಟ್ಸ್. ಸ್ವರವೇ ಅನುರಣನೆಯನ್ನು ದಾಟಿ ಮೇಲೆ ಹೋದಾಗ ಹಾಡುವವರಿಗೆ ಎರಡೇ ದಾರಿ. ತುಟಿ ಬಿಗಿಹಿಡಿದು ತೆಳ್ಳಗೆ ಹಿಂಡುವುದು ಒಂದು, ಅದು ಕಿರುಚಿದಂತೆ ಕೇಳಿಸುತ್ತದೆ; ಬಾಯಿ ತೆರೆದು ‘ನು’ವನ್ನು ‘ನಾ’ ಎನ್ನುವುದು ಇನ್ನೊಂದು, ಆಗ ಪದ ಕೆಡುತ್ತದೆ. ನಿಮ್ಮ ಹೆಣ್ಣುಮಕ್ಕಳು ಮೊದಲನೆಯದನ್ನು ಮಾಡಿದ್ದಾರೆ. ಅವರನ್ನು ಬೈಯಬೇಡಿ.

ಒತ್ತಕ್ಷರದ ತೊಡಕೂ ಇದೆ. ‘ಹಲ್ಲೆಲೂಯ’ದ ‘ಲ್ಲ’ವನ್ನು ಸ್ವರದ ಮೇಲೆ ಎಳೆಯಬಹುದು, ಗಾಳಿ ಹರಿಯುತ್ತಲೇ ಇರುತ್ತದೆ. ‘ಎದ್ದನು’ವಿನ ‘ದ್ದ’ ಹಾಗಲ್ಲ. ಅಲ್ಲಿ ನಾಲಿಗೆ ಗಾಳಿಯನ್ನು ಕ್ಷಣಕಾಲ ಪೂರ್ತಿ ತಡೆಯುತ್ತದೆ. ನಿಧಾನವಾಗಿ ಹರಿಯುವ, ಒಂದಕ್ಷರಕ್ಕೆ ಮೂರು ನಾಲ್ಕು ಸ್ವರಗಳ ಆಧುನಿಕ ಶೈಲಿಯಲ್ಲಿ ಈ ತಡೆ ಎಲ್ಲಿ ಬೀಳಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ 18 ಮಂದಿ 18 ಕಡೆ ನಿಲ್ಲುತ್ತಾರೆ. ‘ಎ’ ಅಕ್ಷರದ ಕೊನೆಯ ಸ್ವರದ ತನಕ ಬಾಯಿ ತೆರೆದೇ ಇರಲಿ, ಆ ಸ್ವರದ ಕೊನೆಯ ಕಾಲು ಭಾಗದಲ್ಲಿ ಎಲ್ಲರೂ ಒಟ್ಟಿಗೆ ‘ದ್’ ಮುಚ್ಚಲಿ ಎಂದು ನಾನು ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತೇನೆ. ಇಷ್ಟಕ್ಕೇ ಒಂದು ಅಭ್ಯಾಸದ ಅರ್ಧ ಗಂಟೆ ಹೋಗುತ್ತದೆ, ಹೋಗಬೇಕು.

ಒಂದು ಸಮಾಧಾನದ ಸಂಗತಿಯೆಂದರೆ, ನೀವು ಆರಿಸಿಕೊಂಡ ಧಾಟಿ ಕನ್ನಡಕ್ಕೆ ಒಗ್ಗುವಂಥದ್ದು. ಅದು ತಾಳದ ಮೊದಲ ಪೆಟ್ಟಿನ ಮೇಲೆಯೇ ಆರಂಭವಾಗುತ್ತದೆ, ಕನ್ನಡ ಪದಗಳಿಗೂ ಸಹಜ ಒತ್ತು ಮೊದಲ ಅಕ್ಷರದ ಮೇಲೆ. ‘ದ ಡೇ ಆಫ್ ರೆಸರೆಕ್ಷನ್’ ಗೀತೆಯನ್ನು ಹಾಡುವ ಧಾಟಿಗಳಾದರೋ ಪೆಟ್ಟಿಗೆ ಮುಂಚೆಯೇ ಒಂದು ಸ್ವರದಿಂದ ಎದ್ದು ಬರುತ್ತವೆ. ಇಂಗ್ಲಿಷಿನ ‘ದ’ ಎಂಬ ಸಣ್ಣ ಪದ ಅಲ್ಲಿ ಹಗುರವಾಗಿ ಕೂರುತ್ತದೆ, ನಮ್ಮ ‘ಯೇಸು’ವಿನ ‘ಯೇ’ ಅಲ್ಲಿ ಕುಳಿತರೆ ಒತ್ತು ‘ಸು’ವಿನ ಮೇಲೆ ಬಿದ್ದು ವಿಕಾರವಾಗುತ್ತದೆ. ಹಳೆಯ ಕನ್ನಡ ಅನುವಾದಗಳಲ್ಲಿ ಸಾಲಿನ ಮೊದಲಿಗೆ ‘ಓ’, ‘ಆ’, ‘ಬಾ’ ಎಂಬ ಒಂಟಿ ಅಕ್ಷರಗಳು ಮೇಲಿಂದ ಮೇಲೆ ಬರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ. ಆ ಅನುವಾದಕರನ್ನು ನಾವು ಹುಡುಗರಾಗಿದ್ದಾಗ ನಗೆಯಾಡುತ್ತಿದ್ದೆವು. ಸ್ವತಃ ಪದ ಕೂಡಿಸಲು ಕುಳಿತ ಮೇಲೆ ನಗು ನಿಂತಿತು.

ಹಾಗಾದರೆ ಮುಂದಿನ ಈಸ್ಟರ್‌ಗೆ ಏನು? ಪ್ರಕಟವಾದ ಅರೇಂಜ್‌ಮೆಂಟನ್ನೇ ಮತ್ತೆ ಹಾಡುವುದು ಒಂದು ದಾರಿ, ಆದರೆ ಆಂಥಮ್ ಆಗಿ: ಕಾಣಿಕೆಯ ಹೊತ್ತಿಗೆ ಕ್ವೈರ್ ಒಂದೇ ಹಾಡಲಿ, ಸಭೆಯ ಗೀತೆ ಬೇರೆ ಇರಲಿ. ಇದರಲ್ಲಿ ಯುವಕರ ಆಸೆ ಪೂರೈಸುತ್ತದೆ. ಅಪಾಯ ಇರುವುದು ನಿಮ್ಮ ಸಂಖ್ಯೆಯಲ್ಲಿ. ನಾಲ್ಕು ಧ್ವನಿಗಳ ಬರಹಕ್ಕೆ ಒಬ್ಬನೇ ಟೆನರ್ ಸಾಲುವುದಿಲ್ಲ. ಆ ಸಹೋದರನಿಗೆ ಜ್ವರ ಬಂದರೆ ಅರೇಂಜ್‌ಮೆಂಟಿಗೇ ಜ್ವರ ಬಂದ ಹಾಗೆ. ಸೊಪ್ರಾನೊ, ಆಲ್ಟೊ, ಗಂಡಸರು ಎಂಬ ಮೂರೇ ಸಾಲುಗಳಿಗೆ ಬರೆದ ಅರೇಂಜ್‌ಮೆಂಟ್‌ಗಳು ಸಾಕಷ್ಟು ಸಿಗುತ್ತವೆ, ಅವನ್ನು ಹುಡುಕಿ. ಸ್ಟಾಫ್ ಲಿಪಿ ಓದಲು ಬಾರದವರಿಗೆ ಗಂಡಸರ ಸಾಲನ್ನು ಟಾನಿಕ್ ಸಾಲ್ಫಾದಲ್ಲಿ (ಡೋ-ರೇ-ಮಿ ಅಕ್ಷರಗಳ ಲಿಪಿಯಲ್ಲಿ) ಬರೆದುಕೊಡಿ. ಹಳೆಯ ಕ್ವೈರ್‌ಗಳು ಅದನ್ನು ಕೈಬಿಡಬಾರದಿತ್ತು ಎನ್ನುವವರಲ್ಲಿ ನಾನೂ ಒಬ್ಬ.

ನಾನು ನಿಮಗೆ ಹೆಚ್ಚು ಒತ್ತಿ ಹೇಳುವ ದಾರಿ ಇನ್ನೊಂದು. ನಾಲ್ಕು ಚರಣಗಳಲ್ಲಿ ಮೊದಲನೆಯದನ್ನು ಸಭೆ ಮತ್ತು ಕ್ವೈರ್ ಸೇರಿ, ಪರಿಚಿತ ಸ್ವರಮೇಳದಲ್ಲಿ ಹಾಡಲಿ. ಎರಡನೆಯದು ಪೂರ್ತಿ ಕ್ವೈರಿನದು. ಹೊಸತನಕ್ಕೆ ಅಲ್ಲಿ ಬಾಗಿಲು ತೆರೆದಿಡಿ. ಒಂಬತ್ತನೆಯ ಸ್ವರದ ಕಾರ್ಡ್‌ಗಳು, ಗಂಡಸರು ಒಂದು ಬಾರ್ ತಡವಾಗಿ ಅದೇ ರಾಗವನ್ನು ಹಿಂಬಾಲಿಸುವ ಅನುಕರಣೆ, ಬೇಕಿದ್ದರೆ ವಾದ್ಯವೇ ಇಲ್ಲದ ಗಾಯನ, ಯಾವುದಾದರೂ ಸರಿ. ಆದರೆ ಆ ಚರಣದ ಕೊನೆಯ ಹಲ್ಲೆಲೂಯ ಮಾತ್ರ ಸಭೆಗೆ ಗೊತ್ತಿರುವ ರೂಪದಲ್ಲಿಯೇ ಮುಗಿಯಬೇಕು, ಏಕೆಂದರೆ ಮೂರನೆಯ ಚರಣಕ್ಕೆ ಸಭೆ ಅದರಿಂದಲೇ ಶ್ರುತಿ ಹಿಡಿಯುತ್ತದೆ. ಮೂರನೆಯದನ್ನು ಎಲ್ಲರೂ ಒಂದೇ ದನಿಯಲ್ಲಿ, ಯಾವ ಭಾಗಗಳೂ ಇಲ್ಲದೆ ಹಾಡಲಿ. ನಾಲ್ಕನೆಯದಕ್ಕೆ ಡೆಸ್ಕಂಟ್ ಬರಲಿ, ಶ್ರುತಿ ಏರಿಸುವುದು ಬೇಡ. ಇಲ್ಲಿಯ ಅಪಾಯ ಕೀಬೋರ್ಡ್ ನುಡಿಸುವವರದು: ಚರಣಗಳ ನಡುವೆ ಎಷ್ಟು ನಿಲ್ಲಬೇಕೆಂಬುದು ಅವರ ಕೈಯಲ್ಲಿರುತ್ತದೆ. ಎರಡು ಮಾತ್ರೆ ಎಂದು ನಿಶ್ಚಯಿಸಿದರೆ ಪ್ರತಿ ಸಲವೂ ಎರಡೇ ಮಾತ್ರೆ ಇರಬೇಕು. ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಹಾಡುವ ಯೋಚನೆಯಿದ್ದರೆ ಈ ದಾರಿಗೆ ಬರಲೇಬೇಡಿ. ಟ್ರ್ಯಾಕ್ ಯಾರ ಉಸಿರಿಗೂ ಕಾಯುವುದಿಲ್ಲ.

ಡೆಸ್ಕಂಟನ್ನು ನೀವೇ ಬರೆಯಿರಿ, ಅಥವಾ ಬರೆಸಿ. ಸಿ ಮೇಜರಿನಲ್ಲಿ ಅದರ ತುದಿ ಜಿ ದಾಟದಿರಲಿ, ಆ ಜಿ ಸ್ವರವೂ ಹಲ್ಲೆಲೂಯದ ‘ಯಾ’ ಮೇಲೆ ಮಾತ್ರ ಬರಲಿ. ಚರಣದ ಪದಗಳನ್ನು ಡೆಸ್ಕಂಟಿನಲ್ಲಿ ಹೇಳಲೇಬೇಕೆಂಬ ನಿಯಮವೇನೂ ಇಲ್ಲ. ಇಡೀ ಸಾಲಿಗೆ ಹಲ್ಲೆಲೂಯ ಒಂದನ್ನೇ ಹರಡಿದರೆ ‘ನು’ವಿನ ಕಾಟ ತಪ್ಪುತ್ತದೆ. ಎಂಟು ಸೊಪ್ರಾನೊಗಳಲ್ಲಿ ಮೂವರು ಸಾಕು. ಉಳಿದ ಐವರು ಆಲ್ಟೊ ಮತ್ತು ಗಂಡಸರ ಜೊತೆ ರಾಗದ ಸಾಲನ್ನೇ ಗಟ್ಟಿಯಾಗಿ ಹಿಡಿಯಲಿ. ಸಭೆಗೆ ಆಸರೆ ಬೇಕಾದ ಹೊತ್ತು ಅದೇ. ಮೈಕ್ ಎಲ್ಲಿದೆಯೆಂದೂ ನೋಡಿ. ನೀವು ಕಳುಹಿಸಿದ ಫೋಟೊದಲ್ಲಿ ಇರುವ ಎರಡೂ ಮೈಕ್‌ಗಳು ಸೊಪ್ರಾನೊಗಳ ಮುಖದಿಂದ ಒಂದಡಿ ದೂರದಲ್ಲಿವೆ. ಕಿರುಚಾಟದ ಅರ್ಧ ಪಾಲು ಅಲ್ಲಿಂದಲೇ ಬಂದಿರಬೇಕು. ಮೈಕ್ ಇಡಲೇಬೇಕೆಂದರೆ ರಾಗ ಹಾಡುವವರ ಮುಂದೆ ಇಡಿ, ಡೆಸ್ಕಂಟಿಗೆ ಬೇಡ.

ಇನ್ನೂ ಒಂದು ದಾರಿಯಿದೆ, ಸಣ್ಣ ಕ್ವೈರ್‌ಗಳಿಗೆ ನಾನು ಇತ್ತೀಚೆಗೆ ಹೆಚ್ಚಾಗಿ ಸೂಚಿಸುತ್ತಿರುವುದು. 15ನೇ ಶತಮಾನದ ಫ್ರಾನ್ಸಿಸ್ಕನ್ ಸಂನ್ಯಾಸಿ ಜಾನ್ ಟಿಸರಾಂಡ್ ರಚಿಸಿದ್ದೆಂದು ಹೇಳಲಾಗುವ ‘ಓ ಫಿಲೀ ಎತ್ ಫಿಲಿಯೇ’ ಎಂಬ ಲ್ಯಾಟಿನ್ ಈಸ್ಟರ್ ಗೀತೆಯನ್ನು ನೋಡಿ. ಸಮಾಧಿಗೆ ಹೋದ ಸ್ತ್ರೀಯರಿಂದ ಹಿಡಿದು ಸಂದೇಹಪಟ್ಟ ತೋಮನ ತನಕ ಕಥೆ ಹೇಳುತ್ತಾ ಹೋಗುವ ಅದರ ಪ್ರತಿ ಚರಣಕ್ಕೂ ಮೂರೇ ಸಾಲು, ಆಮೇಲೆ ಹಲ್ಲೆಲೂಯ. ಮೂರು ಸಾಲಿನಲ್ಲಿ ಕಥೆ ಕಟ್ಟುವ ತ್ರಿಪದಿಯನ್ನು ಬೀಸುವ ಕಲ್ಲಿನ ಮುಂದೆ ಹಾಡಿದ ಸೀಮೆ ನಿಮ್ಮದು. ತ್ರಿಪದಿಯ ಗಣಗಳು ಆ ಧಾಟಿಗೆ ನೇರವಾಗಿ ಕೂರುವುದಿಲ್ಲ, ಅದು ನಿಜ. ಆದರೆ ಕೇಳುವ ಕಿವಿಗೆ ಆ ಅಳತೆ ಹೊಸದೆನಿಸುವುದಿಲ್ಲ. ಒಬ್ಬರು ಚರಣ ಹಾಡಬಹುದು, ಸಭೆ ಹಲ್ಲೆಲೂಯ ಹೇಳಬಹುದು. ಕೆಳಗೆ ಹಾರ್ಮೋನಿಯಂನಲ್ಲಿ ಷಡ್ಜ-ಪಂಚಮದ ಶ್ರುತಿ ಒಂದೇ ಹಿಡಿದರೂ ಸಾಕು, ಆ ಧಾಟಿ ಪಾಶ್ಚಾತ್ಯ ಕಾರ್ಡ್‌ಗಳು ಹುಟ್ಟುವುದಕ್ಕೆ ಮುಂಚಿನ ರಾಗಪದ್ಧತಿಯದು. ಮೂರರ ನಡೆಯಾದ್ದರಿಂದ ತಬಲಾದಲ್ಲಿ ಆರು ಮಾತ್ರೆಯ ದಾದ್ರಾ ತಾಳ ಹಗುರವಾಗಿ ಕೂರುತ್ತದೆ. ಇಂದಿನ ಅರೇಂಜರ್‌ಗಳು ಲಕ್ಷಣವಾಗಿ ಬಳಸುವ ಶ್ರುತಿನಾದ, ಒಬ್ಬರ ಹಿಂದೆ ಒಬ್ಬರು ಹಾಡುವ ಕ್ಯಾನನ್, ಎಲ್ಲವೂ ಅಲ್ಲಿ ಟೆನರ್ ಇಲ್ಲದೆಯೇ ಸಾಧ್ಯ. ಅಪಾಯವೆಂದರೆ ಧಾಟಿಯ ಛಾಯೆ ಶೋಕದ್ದೆಂದು ಕೆಲವರಿಗೆ ಅನಿಸಬಹುದು. ಹಬ್ಬದ ದಿನ ಮಂಕಾಗಿ ಹಾಡಿದಿರಿ ಎಂಬ ಮಾತು ಬರಬಹುದು. ನಡೆಯನ್ನು ಚುರುಕಾಗಿಡಿ, ಆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಈಸ್ಟರ್ ನಂತರದ ಭಾನುವಾರ, ತೋಮನ ಪಾಠ ಓದುವ ದಿನ, ಇದನ್ನು ಇಟ್ಟುಕೊಂಡರೆ ಪೂರ್ತಿ ನಿಲ್ಲುತ್ತದೆ.

ಹಕ್ಕಿನ ವಿಷಯದಲ್ಲಿ ಸಭಾಪಾಲಕರ ಪ್ರಶ್ನೆಯೇ ಸರಿ, ನಿಮ್ಮ ಉತ್ತರ ಅಲ್ಲ. ಗೀತೆ ಹಳೆಯದು, ಅದರ ಮೇಲೆ ಯಾರ ಹಕ್ಕೂ ಇಲ್ಲ. ಆದರೆ ಅದರ ಅರೇಂಜ್‌ಮೆಂಟ್ ಬೇರೆಯೇ ಒಂದು ಕೃತಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಮತ್ತು ಸಾಹಿತ್ಯ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಗಳ ತನಕ ಇರುತ್ತದೆ. ಬ್ರಿಟನ್ನಿನಲ್ಲಿ ಅದು 70 ವರ್ಷ. ಉದಾಹರಣೆಗೆ, 1759ರಲ್ಲಿ ತೀರಿಕೊಂಡ ಹ್ಯಾಂಡೆಲ್, 1932ರಲ್ಲಿ ತೀರಿಕೊಂಡ ಬುದ್ರಿ ಮತ್ತು 1939ರಲ್ಲಿ ತೀರಿಕೊಂಡ ಹೋಯ್ಲ್ ಮೂವರ ಅವಧಿಯೂ ಮುಗಿದಿರುವುದರಿಂದ ‘ದೈನ್ ಬಿ ದ ಗ್ಲೋರಿ’ಯನ್ನು ನೀವು ಮುಕ್ತವಾಗಿ ಬಳಸಬಹುದು, ಆದರೆ ಬದುಕಿರುವ ಅರೇಂಜರ್ ಒಬ್ಬರು ಅದಕ್ಕೆ ಬರೆದ ಹೊಸ ಸಾಲುಗಳನ್ನಲ್ಲ. ಕನ್ನಡ ಅನುವಾದಕ್ಕೂ ಇದೇ ಲೆಕ್ಕ. ಪ್ರಾಮಾಣಿಕ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಆದ್ದರಿಂದ ನೀವು ಹಾಡಿದ್ದು ತಪ್ಪಲ್ಲ. 18 ಝೆರಾಕ್ಸ್ ಮಾಡಿದ್ದಕ್ಕೆ ಆ ವಿನಾಯಿತಿಯ ಆಸರೆ ಇಲ್ಲ. ಹಾಡಿದ ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವುದಕ್ಕೂ ಪ್ರಕಾಶಕರ ಅನುಮತಿ ಕೇಳಿಕೊಳ್ಳುವುದು ಕ್ಷೇಮ. ಅರೇಂಜ್‌ಮೆಂಟ್ ಬೇಕೇಬೇಕೆಂದರೆ ಎಷ್ಟು ಮಂದಿಯೋ ಅಷ್ಟು ಪ್ರತಿಗೆ ಹಣ ಕೊಟ್ಟು ಡಿಜಿಟಲ್ ಪ್ರತಿ ಕೊಳ್ಳಿ, ಕನ್ನಡ ಪದ ಕೂಡಿಸುವುದಕ್ಕೆ ಬರೆದು ಅನುಮತಿ ಕೇಳಿ. ಕೇಳಿದರೆ ಒಪ್ಪುವ ಪ್ರಕಾಶಕರನ್ನು ನಾನು ಕಂಡಿದ್ದೇನೆ, ಉತ್ತರವನ್ನೇ ಕೊಡದವರನ್ನೂ ಕಂಡಿದ್ದೇನೆ. ಅದಕ್ಕೇ ಮೊದಲೇ ಬರೆಯಬೇಕು. ಹಕ್ಕಿನ ಅವಧಿ ಮುಗಿದ ಕೃತಿಗಳ ಪುಟಗಳನ್ನು ಉಚಿತವಾಗಿ ಕೊಡುವ ಸಿಪಿಡಿಎಲ್ ಮತ್ತು ಐಎಂಎಸ್‌ಎಲ್‌ಪಿ ಎಂಬ ತಾಣಗಳಿವೆ. ಅಲ್ಲಿಯೂ ಪ್ರತಿ ಪುಟದ ಕೆಳಗಿನ ಸೂಚನೆಯನ್ನು ಓದಿಯೇ ಇಳಿಸಿಕೊಳ್ಳಿ.

ಸಮಯದ ಲೆಕ್ಕ ಹೀಗಿರಲಿ. ಲೆಂಟ್ ಉಪವಾಸಕಾಲ ಆರಂಭವಾಗುವ ಬೂದಿ ಬುಧವಾರದಿಂದ ಈಸ್ಟರ್ ತನಕ ಭಾನುವಾರಗಳೂ ಸೇರಿ 46 ದಿನಗಳಿವೆ. ವಾರಕ್ಕೊಂದು ಅಭ್ಯಾಸವೆಂದರೂ ಆರು ಸಿಗುತ್ತವೆ. ಲೆಂಟ್ ದಿನಗಳಲ್ಲಿ ಹಲ್ಲೆಲೂಯ ಹಾಡಬಾರದೆಂಬ ಪದ್ಧತಿಯನ್ನು ಕೆಲವು ಹಿರಿಯರು ಅಭ್ಯಾಸದ ಕೋಣೆಗೂ ತರುತ್ತಾರೆ. ಅವರ ಮನಸ್ಸು ನೋಯಿಸುವುದು ಬೇಡವೆಂದರೆ ಮೊದಲ ಎರಡು ವಾರ ಸರಿಗಮದಲ್ಲೋ ಡೋ-ರೇ-ಮಿಯಲ್ಲೋ ಹಾಡಿಸಿ. ಶ್ರುತಿ ಇನ್ನೂ ಗಟ್ಟಿಯಾಗುತ್ತದೆ. ಶುಭ ಶುಕ್ರವಾರದ ನಂತರ ಅಭ್ಯಾಸ ಇಟ್ಟುಕೊಳ್ಳಬೇಡಿ. ಶನಿವಾರ ಗಂಟಲುಗಳು ಸುಮ್ಮನಿರಲಿ.

ಇದೆಲ್ಲಕ್ಕೂ ಮೊದಲು, ಬರುವ ಯಾವುದಾದರೊಂದು ಭಾನುವಾರ ಆರಾಧನೆಗೆ ಹದಿನೈದು ನಿಮಿಷ ಮುಂಚೆ ಬಂದು ಕುಳಿತಿರುವ ಹಿರಿಯರ ಬಳಿ ಹೋಗಿ, ವಾದ್ಯವಿಲ್ಲದೆ ತಮಗೆ ಅನುಕೂಲವಾದಂತೆ ಈ ಗೀತೆಯ ಒಂದು ಚರಣ ಹಾಡಿರೆಂದು ಕೇಳಿಕೊಳ್ಳಿ. ಅವರು ಯಾವ ಸ್ವರದಿಂದ ಎತ್ತಿಕೊಳ್ಳುತ್ತಾರೆ, ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಹಲ್ಲೆಲೂಯವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ನನಗೆ ಕಳುಹಿಸಿ. ಡೆಸ್ಕಂಟಿನ ಮೊದಲ ಕರಡನ್ನು ಅದರ ಮೇಲೆ ಕೂಡಿಸಿ ನೋಡೋಣ.